ದಾಳಿಂಬೆಗೆ ಅರ್ಥ ಹುಡುಕುತ್ತಾ: ರೆನ್ವಾರ್‌ನ ಒಂದು ಹಣ್ಣಿನ ಚಿತ್ರವನ್ನು ಓದಿದ ಪ್ರಕರಣ

ಹಿನ್ನೆಲೆ

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಒಂದೇ ಒಂದು ಚಿತ್ರದ ಜೊತೆ ಸುಮಾರು ಮೂರು ತಿಂಗಳು ಕಳೆದಳು. ಆ ಮೂರು ತಿಂಗಳಲ್ಲಿ ಏನೇನಾಯಿತು ಅಂತ ಇಲ್ಲಿ ಬರೆಯುತ್ತಿದ್ದೇನೆ. ಆಕೆ ಒಪ್ಪಿದ ಮೇಲೆಯೇ ಬರೆಯುತ್ತಿರುವುದು. ಹೆಸರು, ಊರು, ಕೆಲಸ ಹೇಳುವುದಿಲ್ಲ. ಗುರುತು ಸಿಗಬಹುದಾದ ಒಂದೆರಡು ಸಂಗತಿಗಳನ್ನು ಬದಲಿಸಿದ್ದೇನೆ. ಚಿತ್ರದ ವಿಷಯ ಮಾತ್ರ ಇದ್ದ ಹಾಗೇ ಇದೆ.

ನಾನು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದವನು. ಆಕೆ ಈಗ ಶಿಕಾಗೊ ಹತ್ತಿರ ಸಂಸಾರ ಮಾಡಿಕೊಂಡಿದ್ದಾಳೆ. ಅಲ್ಲಿನ ಕೆಲವು ಕನ್ನಡದ ಮನೆಗಳವರು ತಿಂಗಳಿಗೊಮ್ಮೆ ಸೇರಿ ಆರ್ಟ್ ಇನ್‌ಸ್ಟಿಟ್ಯೂಟ್ ಆಫ್ ಶಿಕಾಗೊಗೆ ಹೋಗುತ್ತಾರೆ. ಪ್ರತಿ ಸಲ ಒಬ್ಬರು ಒಂದು ಚಿತ್ರದ ಮುಂದೆ ನಿಂತು 15 ನಿಮಿಷ ಕನ್ನಡದಲ್ಲೇ ಮಾತಾಡಬೇಕು. ಅವಳ ಸರದಿ ಬಂದಾಗ ನನಗೆ ಫೋನ್ ಮಾಡಿದಳು.

ಅವಳು ಆರಿಸಿಕೊಂಡದ್ದು ಫ್ರೆಂಚ್ ಕಲಾವಿದ ಪಿಯೆರ್ ಒಗ್ಯುಸ್ತ್ ರೆನ್ವಾರ್ 1881ರಲ್ಲಿ ಬರೆದ 'ಫ್ರೂಟ್ಸ್ ಆಫ್ ದ ಮಿದಿ'. ದಕ್ಷಿಣ ಫ್ರಾನ್ಸಿನ ಹಣ್ಣುಗಳು ಅಂತ ಅರ್ಥ. ದೊಡ್ಡ ಚಿತ್ರವೇನಲ್ಲ, ಸುಮಾರು 51 ಸೆಂಟಿಮೀಟರ್ ಎತ್ತರ, 65 ಅಗಲ. ಬಿಳಿ ಬಟ್ಟೆ ಹಾಸಿದ ಮೇಜು. ನೀಲಿ ಬಿಳಿ ಚಿತ್ತಾರದ ಒಂದು ತಟ್ಟೆ. ಅದರಲ್ಲೂ ಅದರ ಸುತ್ತಲೂ ಬದನೆಕಾಯಿ, ಟೊಮೆಟೊ, ದೊಣ್ಣೆ ಮೆಣಸಿನಕಾಯಿ, ದಾಳಿಂಬೆ, ನಿಂಬೆ ಜಾತಿಯ ಹಣ್ಣುಗಳು. ಅಷ್ಟೇ.

"ಯಾಕಮ್ಮಾ ಇದೇ ಚಿತ್ರ?" ಅಂತ ಕೇಳಿದೆ. "ಅಷ್ಟು ದೊಡ್ಡ ಮ್ಯೂಸಿಯಮ್ಮಲ್ಲಿ ಬದನೆಕಾಯಿ ನೋಡಿ ಖುಷಿಯಾಯ್ತು ಸರ್" ಅಂದಳು. ಅದು ಒಳ್ಳೆಯ ಕಾರಣವೇ. ಆದರೆ ಆಮೇಲೆ ಬರೆದು ಕಳಿಸಿದ ಮಾತಿನಲ್ಲಿ ಆ ಖುಷಿ ಎಲ್ಲೂ ಇರಲಿಲ್ಲ.

ತೊಡಕು

ನಾಲ್ಕು ಪುಟ ಬರೆದಿದ್ದಳು. ಪ್ರತಿ ಹಣ್ಣಿಗೂ ಒಂದು ಅರ್ಥ. ದಾಳಿಂಬೆ ಅಂದರೆ ಗ್ರೀಕ್ ಕಥೆಯ ಪರ್ಸಿಫನಿ, ಪಾತಾಳದಲ್ಲಿ ದಾಳಿಂಬೆ ಕಾಳು ತಿಂದು ವರ್ಷದಲ್ಲಿ ಕೆಲವು ತಿಂಗಳು ಅಲ್ಲೇ ಇರಬೇಕಾಗಿ ಬಂದವಳು. ಕ್ರೈಸ್ತ ಚಿತ್ರಗಳಲ್ಲಿ ಅದೇ ದಾಳಿಂಬೆ ಸತ್ತು ಎದ್ದು ಬರುವುದರ ಗುರುತು. ನಿಂಬೆ ಅಂದರೆ ನೋಡಲು ಚಂದ, ಒಳಗೆ ಹುಳಿ. ಟೊಮೆಟೊವನ್ನು ಫ್ರೆಂಚರು ಹಿಂದೆ 'ಪ್ರೀತಿಯ ಸೇಬು' ಅಂತ ಕರೆಯುತ್ತಿದ್ದರು, ಹಾಗಾಗಿ ಅದು ಪ್ರೀತಿ. ಬದನೆಯ ಇಟಾಲಿಯನ್ ಹೆಸರನ್ನು ಜನ 'ಹುಚ್ಚು ಸೇಬು' ಅಂತ ಬಿಡಿಸಿಕೊಂಡಿದ್ದರು, ಹಾಗಾಗಿ ಅದು ಹುಚ್ಚು. ಕೊನೆಗೆ ಎಲ್ಲವನ್ನೂ ಸೇರಿಸಿ, ಪ್ರೀತಿ, ಹುಚ್ಚು, ಸಾವು, ಮರುಹುಟ್ಟು ಒಂದೇ ತಟ್ಟೆಯಲ್ಲಿ ಅಂತ ಮುಗಿಸಿದ್ದಳು.

ಇದರಲ್ಲಿ ಸುಳ್ಳು ಇರಲಿಲ್ಲ. ಪರ್ಸಿಫನಿ ಕಥೆ ಇದೆ. ಬದನೆಯ ಆ ಹೆಸರೂ ಇತ್ತು. 17ನೇ ಶತಮಾನದ ಡಚ್ ಕಲಾವಿದರು ಮೇಜಿನ ಮೇಲೆ ತಲೆಬುರುಡೆ, ಗಡಿಯಾರ, ಅರ್ಧ ಸಿಪ್ಪೆ ಸುಲಿದ ನಿಂಬೆ ಇಟ್ಟು, ಬದುಕು ಶಾಶ್ವತವಲ್ಲ ಅಂತ ನೆನಪಿಸುವ ಚಿತ್ರಗಳನ್ನು ನಿಜಕ್ಕೂ ಬರೆದಿದ್ದರು. ಅವರ ನೋಡುಗರಿಗೆ ಆ ಭಾಷೆ ಗೊತ್ತಿತ್ತು. ತೊಂದರೆ ಬೇರೆ ಕಡೆ ಇತ್ತು. ಅವಳು ಬರೆದದ್ದನ್ನು ದಾಳಿಂಬೆ ಇರುವ ಬೇರೆ ಯಾವ ಚಿತ್ರದ ಮುಂದೆ ನಿಂತು ಓದಿದರೂ ನಡೆಯುತ್ತಿತ್ತು. ರೆನ್ವಾರ್ ಬಣ್ಣ ಹಚ್ಚಿದ ಬಗೆಯ ಮೇಲೆ ಒಂದೇ ಒಂದು ಮಾತಿರಲಿಲ್ಲ. ಚಿತ್ರ ನೋಡದೆಯೇ ಅದನ್ನು ಬರೆಯಬಹುದಿತ್ತು.

ನನ್ನ ಮೊದಲ ಸಲಹೆ, ಮತ್ತು ಅದು ತಪ್ಪಿದ್ದು

ಇಲ್ಲಿ ನಾನು ಅವಸರ ಮಾಡಿದೆ. ಸಂಕೇತವನ್ನೆಲ್ಲ ತೆಗೆದುಹಾಕು, ಇಂಪ್ರೆಷನಿಸ್ಟರು (ಬೆಳಕು, ಬಣ್ಣ ಆ ಕ್ಷಣ ಕಣ್ಣಿಗೆ ಕಂಡ ಹಾಗೆ ಬರೆಯುತ್ತಿದ್ದ ರೆನ್ವಾರ್‌ನ ಗುಂಪಿನ ಕಲಾವಿದರು) ಬರೆದದ್ದು ಬೆಳಕನ್ನು, ಅರ್ಥವನ್ನಲ್ಲ ಅಂದೆ. ಒಂದು ರಾಶಿ ಟಿಪ್ಪಣಿ ಕಳಿಸಿದೆ. ಬಣ್ಣ ತುಂಬುವ ತವರದ ಟ್ಯೂಬಿಗೆ ಪೇಟೆಂಟ್ ಸಿಕ್ಕಿದ್ದು 1841ರಲ್ಲಿ, ರೆನ್ವಾರ್ ಹುಟ್ಟಿದ ವರ್ಷವೇ. ಕೋಬಾಲ್ಟ್ ನೀಲಿ, ಕೃತಕ ಅಲ್ಟ್ರಾಮರೀನ್, ಕ್ರೋಮ್ ಹಳದಿ, ವಿರಿಡಿಯನ್ ಹಸಿರು ಎಲ್ಲ ಆ ಶತಮಾನದಲ್ಲಿ ಅಂಗಡಿಗೆ ಬಂದ ಹೊಸ ಬಣ್ಣಗಳು. ಆಮೇಲೆ ಷೆವ್ರುಲ್‌ನ ವಿಷಯ.

ಷೆವ್ರುಲ್ ಕಥೆ ನನಗೆ ತುಂಬ ಇಷ್ಟ, ಸ್ವಲ್ಪ ಹೇಳಿಬಿಡುತ್ತೇನೆ. ಆತ ರಸಾಯನ ವಿಜ್ಞಾನಿ, ಪ್ಯಾರಿಸ್‌ನ ಗೋಬ್ಲಾಂ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣ ಹಾಕುವ ವಿಭಾಗ ನೋಡಿಕೊಳ್ಳುತ್ತಿದ್ದ. ಕಪ್ಪು ನೂಲು ಕಪ್ಪಾಗಿ ಕಾಣುತ್ತಿಲ್ಲ ಅಂತ ದೂರು ಬಂತು. ನೋಡಿದರೆ ನೂಲಿನ ಬಣ್ಣದಲ್ಲಿ ತಪ್ಪಿರಲಿಲ್ಲ, ಪಕ್ಕದ ಬಣ್ಣ ಅದನ್ನು ಕೆಡಿಸುತ್ತಿತ್ತು. ಒಂದು ಬಣ್ಣ ಹೇಗೆ ಕಾಣುತ್ತದೆ ಅನ್ನುವುದು ಅದರ ಪಕ್ಕ ಏನಿದೆ ಅನ್ನುವುದರ ಮೇಲೆ ನಿಂತಿದೆ ಅಂತ 1839ರಲ್ಲಿ ಪುಸ್ತಕವನ್ನೇ ಬರೆದ. ನಮ್ಮ ಸೀರೆ ನೇಯುವವರಿಗೆ ಇದು ಹೊಸದಲ್ಲ, ಒಡಲು ಮತ್ತು ಅಂಚಿನ ಬಣ್ಣ ಕೂಡಿಸುವಾಗ ಅವರು ಮಾಡುವುದೂ ಇದೇ ಲೆಕ್ಕ.

ಎರಡು ವಾರ ಬಿಟ್ಟು ಎರಡನೆಯ ಬರಹ ಬಂತು. ಅದರಲ್ಲಿ ಸಂಕೇತ ಒಂದೂ ಇರಲಿಲ್ಲ. ಬಣ್ಣಗಳ ಹೆಸರು, ಇಸವಿ, ಷೆವ್ರುಲ್, ಟ್ಯೂಬ್. ಅವಳೇ ಫೋನಿನಲ್ಲಿ ಅಂದಳು, "ಸರ್, ಇದನ್ನ ಓದಿದ್ರೆ ಪೇಂಟ್ ಅಂಗಡಿ ಬಿಲ್ ಓದಿದ ಹಾಗಿದೆ."

ನನಗೆ ಬೇಜಾರಾಯಿತು, ಅವಳ ಮೇಲಲ್ಲ. ಅವಳು ಮೊದಲು ಒಂದು ಪಟ್ಟಿಯನ್ನು ನಂಬಿದ್ದಳು, ನಾನು ಅದನ್ನು ಕಿತ್ತುಕೊಂಡು ಇನ್ನೊಂದು ಪಟ್ಟಿ ಕೈಗಿಟ್ಟಿದ್ದೆ. ಎರಡರಲ್ಲೂ ಅವಳ ಕಣ್ಣಿಗೆ ಕೆಲಸ ಇರಲಿಲ್ಲ. ಅದೂ ಅಲ್ಲದೆ ನನ್ನ ಟಿಪ್ಪಣಿಯಲ್ಲೇ ಒಂದು ತಪ್ಪಿತ್ತು. ಇಂಪ್ರೆಷನಿಸ್ಟರು ಕಪ್ಪು ಬಣ್ಣ ಮುಟ್ಟುತ್ತಿರಲಿಲ್ಲ ಅಂತ ಬರೆದಿದ್ದೆ. ಹಾಗೆ ಸಾರಾಸಗಟಾಗಿ ಹೇಳಬಾರದು. ರೆನ್ವಾರ್ 1874ರಲ್ಲಿ ಬರೆದ 'ಲಾ ಲೋಜ್' ಚಿತ್ರದಲ್ಲಿ ಹೆಂಗಸಿನ ಉಡುಪಿನ ತುಂಬ ಗಾಢ ಕಪ್ಪು ಪಟ್ಟೆಗಳಿವೆ, ಚಿತ್ರ ನಿಂತಿರುವುದೇ ಅವುಗಳ ಮೇಲೆ. ಮರುದಿನವೇ ಅವಳಿಗೆ ತಿದ್ದಿ ಹೇಳಿದೆ.

ಹೆಸರಿಲ್ಲದೆ ನೋಡುವುದು

ಆಮೇಲೆ ಇಬ್ಬರೂ ಒಂದು ತೀರ್ಮಾನಕ್ಕೆ ಬಂದೆವು. ಇನ್ನು ಮುಂದೆ ನಾನು ಏನೂ ಕಳಿಸುವುದಿಲ್ಲ. ಅವಳು ಒಬ್ಬಳೇ ಮ್ಯೂಸಿಯಂಗೆ ಹೋಗಬೇಕು. ಫೋನ್ ಚೀಲದೊಳಗೆ. ಕೈಯಲ್ಲಿ ಪೆನ್ಸಿಲ್ಲು, ಒಂದು ಸಣ್ಣ ಪುಸ್ತಕ. 40 ನಿಮಿಷ ಆ ಒಂದೇ ಚಿತ್ರದ ಮುಂದೆ. ಕಂಡದ್ದನ್ನೆಲ್ಲ ಬರೆಯಬೇಕು, ಆದರೆ ಯಾವ ಹಣ್ಣಿನ ಹೆಸರನ್ನೂ ಹೇಳುವ ಹಾಗಿಲ್ಲ.

ಈ ಕೊನೆಯ ಷರತ್ತು ಸುಮ್ನೆ ಇಟ್ಟದ್ದಲ್ಲ. 'ಬದನೆಕಾಯಿ' ಅಂದ ತಕ್ಷಣ ನಮ್ಮ ತಲೆ ನೇರಳೆ ಅಂತ ತೀರ್ಮಾನ ಮಾಡಿಬಿಡುತ್ತದೆ. ಹೆಸರು ಇಲ್ಲದಿದ್ದರೆ ಕಣ್ಣು ಪಾಪ ತಾನೇ ಹುಡುಕಬೇಕಾಗುತ್ತದೆ.

ಅವಳ ಪುಸ್ತಕದ ಆ ಪುಟಗಳ ಫೋಟೊ ಈಗಲೂ ನನ್ನ ಹತ್ತಿರ ಇದೆ. ಮೊದಲ ಹತ್ತು ನಿಮಿಷದ ಸಾಲುಗಳು ಸಪ್ಪೆ. ಉದ್ದನೆಯದು, ದುಂಡನೆಯದು, ಕೆಂಪು, ಹಳದಿ. ಆಮೇಲೆ ಬರಹದ ಧಾಟಿಯೇ ಬೇರೆಯಾಗಿದೆ. "ಉದ್ದನೆಯ ಕಪ್ಪು ವಸ್ತು ಕಪ್ಪಲ್ಲ. ಒಳಗೆ ನೀಲಿ ಇದೆ, ಕೆಂಪಿದೆ. ಹೊಳಪು ಬಿಳಿ ಅಂದುಕೊಂಡಿದ್ದೆ, ನೀಲಿ ಕಲಸಿದ ಬಿಳಿ." "ದುಂಡನೆಯ ವಸ್ತುಗಳ ಮೇಲೆ ಗೆರೆಗಳು ಮೈ ತಿರುಗಿದ ಹಾಗೆ ತಿರುಗುತ್ತವೆ. ಹಿಂದಿನ ಗೋಡೆಯಲ್ಲಿ ಗೆರೆ ಓರೆಯಾಗಿ ಒಂದೇ ಕಡೆ ವಾಲಿವೆ, ಮಳೆ ಬಿದ್ದ ಹಾಗೆ." "ಬಟ್ಟೆ ಬಿಳಿ ಅಲ್ಲ. ನೆರಳು ಇರುವ ಕಡೆ ನೀಲಿ. ಬಿಳಿ ಬಟ್ಟೆಯಲ್ಲಿ ಅಪ್ಪಟ ಬಿಳಿ ಎಷ್ಟು ಕಡಿಮೆ!"

ನೋಡಿ, ಷೆವ್ರುಲ್ ಬಗ್ಗೆ ನಾನು ಪುಟಗಟ್ಟಲೆ ಬರೆದಿದ್ದನ್ನು ಅವಳು ಒಂದು ಸಾಲಿನಲ್ಲಿ ಕಂಡುಕೊಂಡಿದ್ದಳು: "ಕಿತ್ತಳೆ ಬಣ್ಣದ್ದರ ಹತ್ತಿರ ನೀಲಿ ಬಂದಾಗ ಎರಡೂ ಜೋರಾಗಿ ಕೂಗುತ್ತವೆ."

ಪುಟದ ಕೊನೆಯಲ್ಲಿ ಒಂದು ಪ್ರಶ್ನೆ ಇತ್ತು. "ಎಲ್ಲ ವಸ್ತುಗಳನ್ನೂ ಬಿಡುಬೀಸಾಗಿ ಬರೆದಿದ್ದಾನೆ. ತಟ್ಟೆಯ ಚಿತ್ತಾರ ಬರೆಯುವಾಗ ಮಾತ್ರ ಕೈಗೆ ಮೊದಲೇ ಗೊತ್ತಿದ್ದ ಹಾಗಿದೆ. ಯಾಕೆ?"

ಈ ಪ್ರಕರಣ ತಿರುಗಿದ್ದು ಇಲ್ಲಿ. ಈಗ ಹೇಳಬಹುದು ಅನ್ನಿಸಿ ಫೋನ್ ಮಾಡಿದೆ. ರೆನ್ವಾರ್ ಹುಟ್ಟಿದ್ದು ಲಿಮೋಜ್‌ನಲ್ಲಿ, ಪಿಂಗಾಣಿಗೆ ಹೆಸರಾದ ಊರು. ಅಪ್ಪ ದರ್ಜಿ. ಮನೆಯವರು ಪ್ಯಾರಿಸ್‌ಗೆ ಬಂದ ಮೇಲೆ ಹುಡುಗ 13ರ ವಯಸ್ಸಿನ ಹೊತ್ತಿಗೆ ಪಿಂಗಾಣಿ ಪಾತ್ರೆಗಳಿಗೆ ಬಣ್ಣ ಬರೆಯುವ ಕೆಲಸಕ್ಕೆ ಸೇರಿದ. ತಟ್ಟೆ, ಬಟ್ಟಲುಗಳ ಮೇಲೆ ಹೂವು ಬರೆದು ಕೈ ಪಳಗಿದ್ದು ಅಲ್ಲಿ. ಫೋನಿನ ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಹಾಗಾದ್ರೆ ಆ ತಟ್ಟೆ ಅವನ ಬಾಲ್ಯದ ಕೆಲಸ ಸರ್" ಅಂದಳು.

ಇದೇ ಸಂಗತಿಯನ್ನು ನಾನು ಮೊದಲ ಟಿಪ್ಪಣಿಯಲ್ಲೇ ಒಂದು ಸಾಲಿನಲ್ಲಿ ಬರೆದು ಕಳಿಸಿದ್ದೆ. ಅವಳು ಓದಿಯೂ ಇದ್ದಳು. ಆಗ ಅದು ಅವಳಿಗೆ ಏನೂ ಆಗಿರಲಿಲ್ಲ. ಕಣ್ಣು ಒಂದು ಪ್ರಶ್ನೆ ಕೇಳಿದ ಮೇಲೆ ಬಂದಾಗ ಅದೇ ಸಾಲು ಉತ್ತರವಾಯಿತು. ತಟ್ಟೆಯನ್ನು ಹಾಗೆ ಬರೆದದ್ದಕ್ಕೆ ಅದೊಂದೇ ಕಾರಣ ಅಂತ ನಾನು ಪ್ರಮಾಣ ಮಾಡಲಾರೆ, ಅವಳಿಗೂ ಹಾಗೇ ಹೇಳಿದೆ. ಆದರೆ ಆ ಪ್ರಶ್ನೆ ಚಿತ್ರದಿಂದ ಎದ್ದದ್ದು, ಉತ್ತರ ಅವನ ಬದುಕಿನಿಂದ ಬಂದದ್ದು. ಹೀಗೆ ಸಿಕ್ಕ ಅರ್ಥಕ್ಕೆ ಕಾಲಿದೆ.

ಸ್ಟೀಲ್ ತಟ್ಟೆಯ ಪ್ರಯೋಗ

ಮುಂದಿನ ಹೆಜ್ಜೆ ಅವಳದೇ. ಅಂಗಡಿಯಿಂದ ಬದನೆಕಾಯಿ, ಟೊಮೆಟೊ, ದೊಣ್ಣೆ ಮೆಣಸಿನಕಾಯಿ, ನಿಂಬೆ, ದಾಳಿಂಬೆ ತಂದಳು. ಮನೆಯಲ್ಲಿದ್ದ ಊಟದ ಸ್ಟೀಲ್ ತಟ್ಟೆಯಲ್ಲಿಟ್ಟು ಕಿಟಕಿ ಹತ್ತಿರ ಇಟ್ಟಳು. ಅದು ಫೆಬ್ರವರಿ. ಶಿಕಾಗೊದ ಆಕಾಶ ಬೂದಿ ಬಣ್ಣ, ಹೊರಗೆ ಹಿಮ. ಫೋಟೊ ಕಳಿಸಿದಳು. ಬದನೆಕಾಯಿ ನಿಜವಾಗಿಯೂ ಕಪ್ಪಾಗಿತ್ತು. ಟೊಮೆಟೊ ಮಂಕು. ಸ್ಟೀಲ್ ತಟ್ಟೆ ಎಲ್ಲವನ್ನೂ ಕನ್ನಡಿಯ ಹಾಗೆ ಹಿಂದಕ್ಕೆ ಎಸೆದು ಗಲಿಬಿಲಿ ಮಾಡಿತ್ತು.

"ಅದೇ ತರಕಾರಿ ಸರ್. ಆದ್ರೆ ಚಿತ್ರ ಇಲ್ಲಿಲ್ಲ."

"ಏನಿಲ್ಲ ಹೇಳು?"

"ಬಿಸಿಲಿಲ್ಲ."

ಫ್ರೆಂಚಿನಲ್ಲಿ 'ಮಿದಿ' ಅನ್ನುವ ಪದಕ್ಕೆ ಎರಡು ಅರ್ಥ, ನಡು ಹಗಲು ಮತ್ತು ದಕ್ಷಿಣ ಸೀಮೆ. ಮಧ್ಯಾಹ್ನದ ಸೂರ್ಯ ಇರುವ ದಿಕ್ಕು ಅವರಿಗೆ ದಕ್ಷಿಣ. ಪ್ಯಾರಿಸ್ ಉತ್ತರದಲ್ಲಿದೆ. ಅಲ್ಲಿಯ ಚಳಿಗಾಲವೂ ಬೂದಿ ಬಣ್ಣದ್ದೇ. ಬದನೆ, ದಾಳಿಂಬೆ, ನಿಂಬೆ ಪ್ಯಾರಿಸ್‌ನವರ ಕಣ್ಣಿಗೆ ಬಿಸಿಲು ನಾಡಿನ ಸಾಮಾನುಗಳು. ರೆನ್ವಾರ್ 1881ರಲ್ಲಿ ಸೂರ್ಯನ ಬೆನ್ನು ಹತ್ತಿದವನ ಹಾಗೆ ತಿರುಗಿದ. ವರ್ಷದ ಮೊದಲ ತಿಂಗಳುಗಳಲ್ಲೇ ಅಲ್ಜೀರಿಯಕ್ಕೆ, ಅಕ್ಟೋಬರ್ ಹೊತ್ತಿಗೆ ಇಟಲಿಗೆ, 1882ರ ಜನವರಿಯಲ್ಲಿ ದಕ್ಷಿಣ ಫ್ರಾನ್ಸಿನ ಮಾರ್ಸೇ ಹತ್ತಿರದ ಲೆಸ್ತಾಕ್‌ನಲ್ಲಿ ಇನ್ನೊಬ್ಬ ಕಲಾವಿದ ಸೆಜಾನ್ ಜೊತೆ. ಆ ವರ್ಷ ದುರಾಂ ರುಯೆಲ್ ಅನ್ನುವ ಕಲಾ ವ್ಯಾಪಾರಿ ಅವನ ಚಿತ್ರಗಳನ್ನು ಬಿಡದೆ ಕೊಳ್ಳತೊಡಗಿದ್ದರಿಂದ ತಿರುಗಾಟಕ್ಕೆ ಕೈಯಲ್ಲಿ ಕಾಸೂ ಇತ್ತು.

ಹಾಗಾಗಿ ಸಂಕೇತ ಬೇರೆ ಬಾಗಿಲಿನಿಂದ ಮತ್ತೆ ಒಳಗೆ ಬಂತು. 'ಈ ಚಿತ್ರಕ್ಕೆ ಅರ್ಥವೇ ಇಲ್ಲ, ಬರೀ ಬೆಳಕು' ಅಂತ ನಾನು ಹೇಳಿದ್ದು ಅರ್ಧ ಸತ್ಯ. ಇಲ್ಲಿ ಬೆಳಕೇ ಅರ್ಥ. ಈ ಹಣ್ಣುಗಳು ಸಾವನ್ನೋ ಪ್ರೀತಿಯನ್ನೋ ಸೂಚಿಸುವುದಿಲ್ಲ, ಒಂದು ಸೀಮೆಯ ಬಿಸಿಲನ್ನು ಹೊತ್ತು ತರುತ್ತವೆ. ಅದನ್ನು ನಂಬಿಸುವುದು ದಾಳಿಂಬೆ ಅನ್ನುವ ಹೆಸರಲ್ಲ, ನೆರಳಿನಲ್ಲಿರುವ ನೀಲಿ.

ವಲಸೆಯ ವಾದ

ಇಲ್ಲಿಗೇ ನಿಲ್ಲಿಸಬಹುದಿತ್ತು. ಅವಳು ನಿಲ್ಲಿಸಲಿಲ್ಲ.

ಒಂದು ರಾತ್ರಿ ಉದ್ದನೆಯ ಸಂದೇಶ ಬಂತು. ದಕ್ಷಿಣ ಫ್ರಾನ್ಸಿನ ಹಣ್ಣು ಅಂತ ಹೆಸರು, ಆದರೆ ತಟ್ಟೆಯಲ್ಲಿರುವ ಯಾವುದೂ ಫ್ರಾನ್ಸಿನ ಮೂಲದ್ದಲ್ಲವಲ್ಲ ಸರ್ ಅಂತ. ಟೊಮೆಟೊ, ದೊಣ್ಣೆ ಮೆಣಸಿನಕಾಯಿ ಅಮೆರಿಕ ಖಂಡದವು, ಕೊಲಂಬಸ್ ನಂತರ ಯೂರೋಪಿಗೆ ಬಂದವು. ದಾಳಿಂಬೆ ಇರಾನಿನ ಕಡೆಯದು. ನಿಂಬೆ ಏಷ್ಯಾದ್ದು. ಬದನೆ ನಮ್ಮ ಕಡೆಯಿಂದ ಹೊರಟಿದ್ದು; ಫ್ರೆಂಚಿನ 'ಓಬೆರ್ಜಿನ್' ಅನ್ನುವ ಹೆಸರೇ ಕ್ಯಾಟಲಾನ್, ಅರಬಿ, ಪರ್ಷಿಯನ್ ದಾಟಿ ಭಾರತದ ಮಾತಿಗೆ ಹೋಗಿ ಮುಟ್ಟುತ್ತದೆ. "ಎಲ್ಲರೂ ಎಲ್ಲಿಂದಲೋ ಬಂದು ಒಂದು ತಟ್ಟೆಯಲ್ಲಿ ಊರಿನವರಾಗಿದ್ದಾರೆ. ನಮ್ಮ ಹಾಗೆ."

ಓದಿ ನನಗೆ ಕಣ್ಣು ತುಂಬಿತು. ಅದೇ ಹೊತ್ತಿಗೆ ಹೆದರಿಕೆಯೂ ಆಯಿತು. ಇದು ಮತ್ತೆ ಪರ್ಸಿಫನಿ ದಾರಿಯೇ ಅಲ್ವಾ? ರೆನ್ವಾರ್ ಬದನೆಯ ವಲಸೆಯನ್ನು ಯೋಚಿಸಿ ಬರೆದ ಅನ್ನಲು ನಮ್ಮ ಹತ್ತಿರ ಏನಿದೆ? ಅದನ್ನೇ ಹೇಳಿದೆ.

"ಸರ್, ಅವನು ಹೇಳಿಲ್ಲ ಅಂದ್ರೆ ಅಲ್ಲಿ ಇಲ್ಲ ಅಂತಲಾ?"

ಈ ಪ್ರಶ್ನೆಗೆ ಎರಡು ದಿನ ತಗೊಂಡೆ. ಕೊನೆಗೆ ನಾವು ಹೀಗೆ ಒಪ್ಪಿಕೊಂಡೆವು. ಚಿತ್ರದ ಮೇಲೆ ಬೆರಳಿಟ್ಟು ತೋರಿಸಬಹುದಾದ ಮಾತನ್ನು 'ನೋಡಿ, ಇಲ್ಲಿದೆ' ಅಂತ ಹೇಳಬೇಕು. ಆ ಕಾಲದ ನೋಡುಗರಿಗೆ ಹೊಳೆದಿರಬಹುದಾದ ಅರ್ಥವನ್ನು, ಉದಾಹರಣೆಗೆ ದಕ್ಷಿಣದ ಬಿಸಿಲನ್ನು, ಕಾರಣ ಕೊಟ್ಟು ಹೇಳಬೇಕು. ನನ್ನ ಬದುಕಿನಿಂದ ಚಿತ್ರಕ್ಕೆ ಹೋದದ್ದನ್ನು 'ನನಗೆ ಹೀಗೆ ಕಂಡಿತು' ಅಂತ ಬಾಯಿಬಿಟ್ಟು ಹೇಳಬೇಕು. ಮೂರೂ ಇರಬಹುದು, ಒಂದರ ಅಂಗಿ ಇನ್ನೊಂದು ತೊಡಬಾರದು. ವಲಸೆಯ ಮಾತು ಮೂರನೆಯ ಬಗೆಯದು. ಇತಿಹಾಸವಾಗಿ ಅದು ನಿಜ, ರೆನ್ವಾರ್‌ನ ಉದ್ದೇಶವಾಗಿ ಅಲ್ಲ. ಅವಳು ಅದನ್ನು ಉಳಿಸಿಕೊಂಡಳು. ನಾನು ಬೇಡ ಅಂದಿದ್ದರೆ ತಪ್ಪು ಮಾಡುತ್ತಿದ್ದೆ, ಯಾಕೆಂದರೆ ಮೊದಲ ದಿನ ಬದನೆಕಾಯಿ ನೋಡಿ ಆದ ಖುಷಿಯ ಬೇರು ಅಲ್ಲೇ ಇತ್ತು.

ಏನಾಯಿತು

ಮಾರ್ಚ್ ತಿಂಗಳ ಒಂದು ಭಾನುವಾರ ಅವಳು ಮಾತಾಡಿದಳು. ನಾನು ಅಲ್ಲಿರಲಿಲ್ಲ. ಅವಳೂ, ಬಂದಿದ್ದ ಇನ್ನಿಬ್ಬರೂ ಹೇಳಿದ್ದನ್ನು ಕೇಳಿ ಬರೆಯುತ್ತಿದ್ದೇನೆ.

15 ನಿಮಿಷದ ಮಾತು ಅರ್ಧ ಗಂಟೆ ಹತ್ತಿರ ಹೋಯಿತು. ಅವಳು ಮೊದಲ ಎರಡು ನಿಮಿಷ ಏನೂ ಹೇಳದೆ, ಎಲ್ಲರಿಗೂ ಚಿತ್ರದಲ್ಲಿ ಅಪ್ಪಟ ಬಿಳಿ ಎಲ್ಲಿದೆ ಹುಡುಕಿ ಅಂದಳಂತೆ. ಮಕ್ಕಳು ಮೊದಲು ಬಟ್ಟೆ ತೋರಿಸಿದರು, ಆಮೇಲೆ ಅವರೇ ಅಲ್ಲ ಅಂದರು. ಮಗಳ ಮನೆಗೆ ಊರಿನಿಂದ ಬಂದಿದ್ದ ಒಬ್ಬ ಅಜ್ಜಿ, "ಬದನೆಕಾಯಿ, ಮೆಣಸಿನಕಾಯಿ ತರಕಾರಿ ಅಲ್ವೇನಮ್ಮಾ, ಹಣ್ಣು ಅಂತ ಯಾಕೆ ಹೆಸರಿಟ್ಟರು?" ಅಂತ ಕೇಳಿದರು. ನಾವಿಬ್ಬರೂ ಮೂರು ತಿಂಗಳಲ್ಲಿ ಕೇಳಿಕೊಳ್ಳದ ಪ್ರಶ್ನೆ! ಗಿಡದ ಶಾಸ್ತ್ರದ ಲೆಕ್ಕದಲ್ಲಿ ಬೀಜ ಹೊತ್ತದ್ದೆಲ್ಲ ಹಣ್ಣೇ ಅಂತ ಯಾರೋ ಹೇಳಿದರು. ಅವಳು ಅದಕ್ಕೆ ಸೇರಿಸಿದ ಮಾತು ನನಗೆ ಹಿಡಿಸಿತು. ಅಡುಗೆಮನೆಯಲ್ಲಿ ಇವು ಬೇರೆ ಬೇರೆ, ಅಜ್ಜಿ. ಇವನಿಗೆ ದುಂಡಗಿದ್ದು ಬೆಳಕು ಹಿಡಿಯುವುದೆಲ್ಲ ಒಂದೇ ಬಳಗ.

ಎಲ್ಲವೂ ಸರಿಹೋಯಿತು ಅಂತಲ್ಲ. ಅದೇ ಮ್ಯೂಸಿಯಂನಲ್ಲಿ ಇರುವ, ಇನ್ನೊಬ್ಬ ಇಂಪ್ರೆಷನಿಸ್ಟ್ ಕ್ಲೋದ್ ಮೊನೆ 1880ರಲ್ಲಿ ಬರೆದ ಸೇಬು ದ್ರಾಕ್ಷಿ ಚಿತ್ರದ ಜೊತೆ ಹೋಲಿಸಬೇಕು ಅಂದುಕೊಂಡಿದ್ದಳು, ಹೊತ್ತಾಗಲಿಲ್ಲ. ಬಂದವರಲ್ಲಿ ಒಬ್ಬರಿಗೆ ಸಮಾಧಾನವಾಗಲಿಲ್ಲ. "ಅದೆಲ್ಲ ಸರಿ, ದಾಳಿಂಬೆಯ ನಿಜವಾದ ಅರ್ಥ ಏನು?" ಅಂತ ಎರಡು ಸಲ ಕೇಳಿದರಂತೆ. ಅವಳು ಪರ್ಸಿಫನಿ ಕಥೆ ಹೇಳಿ, ಈ ಚಿತ್ರದಲ್ಲಿ ಅದಕ್ಕೆ ಆಧಾರ ಕಾಣಲಿಲ್ಲ ಅಂದಳು. ಅವರು ತಲೆ ಆಡಿಸಿದರೂ ಒಪ್ಪಿದ ಹಾಗೆ ಕಾಣಲಿಲ್ಲ. ಅವರನ್ನು ನಾನು ತಪ್ಪು ಅನ್ನುವುದಿಲ್ಲ. ಚಿತ್ರ ಅಂದರೆ ಬಿಡಿಸಬೇಕಾದ ಒಗಟು ಅಂತ ನಮ್ಮಲ್ಲಿ ಅನೇಕರಿಗೆ ಶಾಲೆಯಲ್ಲೇ ಅಭ್ಯಾಸವಾಗಿದೆ, ಅದಕ್ಕೆ ನನ್ನಂಥ ಮೇಷ್ಟ್ರುಗಳೂ ಕಾರಣ.

ಇದಾದ ಮೇಲೆ ನಾನು ಕಲಿಸುವ ಕ್ರಮ ಬದಲಾಗಿದೆ. ಯಾರಾದರೂ ಚಿತ್ರದ ಬಗ್ಗೆ ಕೇಳಿದರೆ ಕಲಾವಿದನ ಬದುಕನ್ನು ಮೊದಲು ಹೇಳುವುದಿಲ್ಲ, ಅವರು ಒಂದು ಪ್ರಶ್ನೆ ತರುವ ತನಕ ಇಟ್ಟುಕೊಂಡಿರುತ್ತೇನೆ. ಕಷ್ಟ ಅದು. ಗೊತ್ತಿದ್ದದ್ದನ್ನು ಹೇಳದೆ ಇರುವುದು ಮೇಷ್ಟ್ರಿಗೆ ತುಂಬ ಕಷ್ಟ.

ಅವಳು ಈಗ ಅಲ್ಲೇ ಇರುವ ಸೆಜಾನ್‌ನ 'ಸೇಬಿನ ಬುಟ್ಟಿ'ಯ ಮುಂದೆ ನಿಂತಿದ್ದಾಳೆ. ಸುಮಾರು 1893ರ ಚಿತ್ರ. ವಾಲಿದ ಬುಟ್ಟಿ, ವಾಲಿದ ಶೀಶೆ, ಮುದುಡಿದ ಬಟ್ಟೆ. ಹೋದ ವಾರ ಬರೆದಳು: "ಬಟ್ಟೆ ಕೆಳಗೆ ಹೋದ ಮೇಜಿನ ಅಂಚು ಆ ಕಡೆ ಹೊರಗೆ ಬಂದಾಗ ಬೇರೆ ಎತ್ತರದಲ್ಲಿದೆ ಸರ್. ಎಡಗಡೆಯದೂ ಬಲಗಡೆಯದೂ ಸೇರೋದೇ ಇಲ್ಲ. ಯಾಕೆ?"

ನಾನು ಇನ್ನೂ ಉತ್ತರ ಕಳಿಸಿಲ್ಲ. ಪೆನ್ಸಿಲ್ ತಗೊಂಡು ಇನ್ನೊಂದು ಸಲ ಹೋಗಿ ಬಾರಮ್ಮಾ ಅಂದಿದ್ದೇನೆ.